ಚಿಗಟದಿಂದ ಜೀರುಂಡೆಯವರೆಗೆ: ಸಣ್ಣದನ್ನು ದೊಡ್ಡದಾಗಿ ಕಂಡ ಕಥೆ

ಸಂಘದ ಪತ್ರಿಕೆಗೆ ವೈದ್ಯರು ಲೇಖನ ಕೊಟ್ಟರೆಂದರೆ ಅದು ಕೊಲೆಸ್ಟರಾಲ್ ಬಗ್ಗೆಯೋ ಸಕ್ಕರೆ ಕಾಯಿಲೆಯ ಬಗ್ಗೆಯೋ ಇರುತ್ತದೆಂದು ಓದುಗ ಮಿತ್ರರು ಮೊದಲೇ ಊಹಿಸಿ ಪುಟ ಮಗುಚುವುದುಂಟು. ಈ ಸಲ ಆ ಭಯ ಬೇಡ. ಹಬ್ಬದ ಹೋಳಿಗೆಯನ್ನು ಎಷ್ಟು ತಿನ್ನಬೇಕೆಂದು ನಾವು ಹೇಳುವುದಿಲ್ಲ. ಈ ಬಾರಿ ನಮ್ಮ ವಿಷಯ ಹುಳುಗಳು. ಅದರಲ್ಲೂ ಜೀರುಂಡೆ, ಚಿಗಟ, ನೊಣಗಳಂಥ ಸಣ್ಣ ಹುಳುಗಳನ್ನು ಮನುಷ್ಯ ಹೇಗೆ ದೊಡ್ಡದಾಗಿ ಕಂಡ, ಕಂಡದ್ದನ್ನು ಹೇಗೆ ಚಿತ್ರವಾಗಿ ಹಿಡಿದ ಎಂಬ ಇತಿಹಾಸ.

ಅಕ್ಕಿ ಕಾಳಿನಷ್ಟಿರುವ ಜೀರುಂಡೆಯೊಂದು ಬಾಗಿಲಿನಷ್ಟು ದೊಡ್ಡದಾಗಿ, ಮೈಮೇಲಿನ ಒಂದೊಂದು ಗುಳಿಯೂ ಒಂದೊಂದು ಕೂದಲೂ ಎಣಿಸುವಂತೆ ಅಚ್ಚಾಗಿರುವ ಚಿತ್ರಗಳನ್ನು ಇತ್ತೀಚಿನ ವರ್ಷಗಳಲ್ಲಿ ಮ್ಯೂಸಿಯಮ್ಮುಗಳಲ್ಲಿಯೂ ಕ್ಯಾಲೆಂಡರುಗಳಲ್ಲಿಯೂ ನೀವು ಕಂಡಿರಬಹುದು. ಮಕ್ಕಳು ನೋಡಿ "ಕಂಪ್ಯೂಟರಿನಲ್ಲಿ ಮಾಡಿದ್ದು" ಎನ್ನುತ್ತಾರೆ. ದೊಡ್ಡವರು "ಒಳ್ಳೆಯ ಕ್ಯಾಮೆರಾ ಇರಬೇಕು" ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಉಳಿದರ್ಧವನ್ನು ತಿಳಿಯಬೇಕಾದರೆ 360 ವರ್ಷ ಹಿಂದಕ್ಕೆ, ಲಂಡನ್ನಿಗೆ ಹೋಗಬೇಕು.

ಹೂಕನ ಚಿಗಟ

1665ರ ಜನವರಿಯಲ್ಲಿ ಲಂಡನ್ನಿನಲ್ಲಿ 'ಮೈಕ್ರೋಗ್ರಾಫಿಯಾ' ಎಂಬ ಪುಸ್ತಕ ಹೊರಬಂತು. ಬರೆದವನು ರಾಬರ್ಟ್ ಹೂಕ್, ರಾಯಲ್ ಸೊಸೈಟಿಯ ಪ್ರಯೋಗಗಳ ಮೇಲ್ವಿಚಾರಕ. ವಯಸ್ಸು ಇನ್ನೂ 29. ಬೆಂಡಿನ ತೆಳುವಾದ ಚೂರಿನಲ್ಲಿ ಕಂಡ ಗೂಡುಗಳಿಗೆ 'ಸೆಲ್' ಎಂದು ಹೆಸರಿಟ್ಟವನು ಇವನೇ, ಇದೇ ಪುಸ್ತಕದಲ್ಲಿ. ಆದರೆ ಅಂದಿನ ಜನರನ್ನು ಬೆರಗುಗೊಳಿಸಿದ್ದು ಬೆಂಡಲ್ಲ, ಚಿಗಟ. ಪುಸ್ತಕದೊಳಗೆ ಮಡಿಸಿಟ್ಟ ಹಾಳೆಯನ್ನು ಬಿಚ್ಚಿದರೆ ಸುಮಾರು 18 ಅಂಗುಲ ಉದ್ದದ ಚಿಗಟ ಎದುರಿಗೆ ನಿಲ್ಲುತ್ತಿತ್ತು. ಹಾಸಿಗೆಯಲ್ಲಿ ಕಚ್ಚುವ, ಉಗುರಿನಲ್ಲಿ ಕುಕ್ಕಿ ಕೊಲ್ಲುವ ಕ್ಷುದ್ರ ಪ್ರಾಣಿ ಇಲ್ಲಿ ಕವಚ ತೊಟ್ಟ ಯೋಧನಂತೆ ಹೊಳೆಯುತ್ತಿತ್ತು. ದಿನಚರಿಗೆ ಹೆಸರಾದ ಸ್ಯಾಮ್ಯುಯಲ್ ಪೀಪ್ಸ್ ಈ ಪುಸ್ತಕವನ್ನು ಕೊಂಡು ರಾತ್ರಿ 2 ಗಂಟೆಯವರೆಗೆ ಓದುತ್ತ ಕುಳಿತನಂತೆ.

ಹೂಕ್ ಕೆಲಸ ಮಾಡಿದ ರೀತಿ ಗಮನಿಸುವಂಥದು. ದೀಪದ ಬೆಳಕನ್ನು ನೀರು ತುಂಬಿದ ಗಾಜಿನ ಬುರುಡೆಯ ಮೂಲಕ ಹಾಯಿಸಿ ಹುಳುವಿನ ಮೇಲೆ ಬೀಳಿಸುತ್ತಿದ್ದ. ಇರುವೆ ಮಾತ್ರ ಅವನನ್ನು ಬಹಳ ಕಾಡಿತು. ಬದುಕಿದ್ದರೆ ನಿಲ್ಲುವುದಿಲ್ಲ, ಕೊಂದರೆ ಮುದುಡಿ ಆಕಾರ ಕೆಡುತ್ತದೆ. ಕೊನೆಗೆ ಅದಕ್ಕೆ ಬ್ರಾಂದಿ ಕುಡಿಸಿದ! ಇರುವೆ ಮತ್ತೇರಿ ಗಂಟೆಯ ಹೊತ್ತು ಮೈಮರೆತು ಬಿದ್ದಿತ್ತು, ಇವನು ಚಿತ್ರ ಬರೆದುಕೊಂಡ, ಆಮೇಲೆ ಅದು ಎದ್ದು ಓಡಿತು. ಅರಿವಳಿಕೆ ಶಾಸ್ತ್ರ ಓದಿದ ನಮ್ಮ ಮಿತ್ರರು ಇದನ್ನು ತಮ್ಮ ಇತಿಹಾಸಕ್ಕೆ ಸೇರಿಸಿಕೊಳ್ಳಲು ಅಡ್ಡಿಯಿಲ್ಲ.

ಇದಕ್ಕಿಂತ ಮುಖ್ಯವಾದ ಮಾತನ್ನು ಅವನು ಮುನ್ನುಡಿಯಲ್ಲಿ ಹೇಳಿದ್ದಾನೆ. ಸೂಕ್ಷ್ಮದರ್ಶಕದಲ್ಲಿ ಕಾಣುವ ವಸ್ತುವಿನ ನಿಜವಾದ ಆಕಾರ ಒಂದು ನೋಟಕ್ಕೆ ಸಿಕ್ಕುವುದಿಲ್ಲ. ನೊಣದ ಕಣ್ಣು ಒಂದು ಬೆಳಕಿನಲ್ಲಿ ತೂತುಗಳಿರುವ ಜಾಲರಿಯಂತೆ ಕಾಣುತ್ತದೆ, ಬಿಸಿಲಿನಲ್ಲಿ ಚಿನ್ನದ ಮೊಳೆ ಹೊಡೆದ ಹಲಗೆಯಂತೆ, ಇನ್ನೊಂದು ಕೋನದಲ್ಲಿ ಪಿರಮಿಡ್ಡುಗಳ ಸಾಲಿನಂತೆ. ಆದ್ದರಿಂದ ಅವನು ಬೇರೆ ಬೇರೆ ಬೆಳಕಿನಲ್ಲಿ, ಬೇರೆ ಬೇರೆ ಭಂಗಿಯಲ್ಲಿ ಮತ್ತೆ ಮತ್ತೆ ನೋಡಿ, ನಿಜ ಆಕಾರ ಇದೇ ಎಂದು ಮನಸ್ಸಿಗೆ ಖಚಿತವಾದ ಮೇಲೆಯೇ ಪೆನ್ನು ಹಿಡಿಯುತ್ತಿದ್ದ. ಹಾಗೆ ನೋಡಿ ನೋಡಿಯೇ ಒಂದು ಜಾತಿಯ ನೊಣದ ಎರಡು ಕಣ್ಣುಗಳಲ್ಲಿ ಸೇರಿ ಸುಮಾರು 14,000 ಪುಟ್ಟ ಗುಮ್ಮಟಗಳಿವೆ ಎಂದು ಲೆಕ್ಕ ಹಾಕಿದ.

ಅಂದರೆ ಹೂಕನ ಚಿಗಟ ಒಂದು ನೋಟದ ಚಿತ್ರವಲ್ಲ. ನೂರು ನೋಟಗಳನ್ನು ತಲೆಯಲ್ಲಿ ಕೂಡಿಸಿ ಕೈಯಿಂದ ಇಳಿಸಿದ ಚಿತ್ರ. ಈ ಲೇಖನದ ತಿರುಳು ಇದೇ. ಮುಂದಿನದೆಲ್ಲ ಇದರ ವಿಸ್ತಾರ.

ಆ ಕಾಲದಲ್ಲಿ ಹುಳುಗಳನ್ನು ಹೀಗೆ ನೋಡಿದವರಲ್ಲಿ ನಮ್ಮ ವೃತ್ತಿಯವರೂ ಇದ್ದರೆಂಬುದು ಹೆಮ್ಮೆಯ ವಿಷಯ. ಬೊಲೋನ್ಯಾದ ವೈದ್ಯ ಮಾರ್ಚೆಲ್ಲೊ ಮಾಲ್ಪೀಗಿ 1669ರಲ್ಲಿ ರೇಷ್ಮೆ ಹುಳುವಿನ ಅಂಗರಚನೆಯ ಮೇಲೆ ಪುಸ್ತಕ ಬರೆದ. ನಮ್ಮ ಮೂತ್ರಪಿಂಡದ ಒಂದು ಭಾಗಕ್ಕೂ ಹುಳುಗಳ ವಿಸರ್ಜನಾ ನಾಳಗಳಿಗೂ ಇಂದಿಗೂ ಅವನ ಹೆಸರೇ ಇದೆ. ಹಾಲೆಂಡಿನ ಯಾನ್ ಸ್ವಾಮರ್ಡಾಮ್ ಕೂಡ ವೈದ್ಯ ಪದವೀಧರ. ಅವನ ಕತ್ತರಿಗಳು ಎಷ್ಟು ಸಣ್ಣವೆಂದರೆ ಅವುಗಳನ್ನು ಮಸೆಯುವುದಕ್ಕೂ ಮಸೂರ ಬೇಕಾಗುತ್ತಿತ್ತು. ಜೇನುಗೂಡಿನ 'ರಾಜ' ಎಂದು ಜನ ನಂಬಿದ್ದ ಹುಳುವಿನ ಹೊಟ್ಟೆ ಸೀಳಿ ಅಂಡಾಶಯ ತೋರಿಸಿ, ಅದು ರಾಜನಲ್ಲ ರಾಣಿ ಎಂದು ಸಿದ್ಧಪಡಿಸಿದವನು ಅವನು. 1680ರಲ್ಲಿ 43ನೆಯ ವಯಸ್ಸಿಗೇ ತೀರಿಕೊಂಡ. ಅವನ ಚಿತ್ರಗಳ ಮಹಾಗ್ರಂಥವನ್ನು 1737-38ರಲ್ಲಿ ಅಚ್ಚು ಹಾಕಿಸಿದವನು ಲೈಡನ್ನಿನ ಮಹಾವೈದ್ಯ ಬೂರ್‌ಹಾವ. ಇನ್ನು ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ಒಂದೇ ಮಸೂರದಿಂದ ಕಂಡದ್ದು ಅಪಾರ. ಅವನಿಗೆ ಚಿತ್ರಕಲೆ ಒಲಿಯಲಿಲ್ಲವಾದ್ದರಿಂದ ಕಲಾವಿದರನ್ನು ಸಂಬಳಕ್ಕಿಟ್ಟುಕೊಂಡಿದ್ದ.

ತೊಂದರೆ ಎಲ್ಲಿದೆ?

ನಾವು ಎಂ.ಬಿ.ಬಿ.ಎಸ್. ಮೊದಲ ವರ್ಷದಲ್ಲಿ ಹಿಸ್ಟಾಲಜಿ ರೆಕಾರ್ಡ್ ಬರೆದದ್ದು ನಮ್ಮ ತಲೆಮಾರಿನ ವೈದ್ಯರಿಗೆಲ್ಲ ನೆನಪಿರುತ್ತದೆ. ಒಂದು ಕಣ್ಣು ಸೂಕ್ಷ್ಮದರ್ಶಕದಲ್ಲಿ, ಎಡಗೈ ಸಣ್ಣ ತಿರುಪಿನ ಮೇಲೆ, ಬಲಗೈಯಲ್ಲಿ ಗುಲಾಬಿ ಮತ್ತು ನೇರಳೆ ಬಣ್ಣದ ಪೆನ್ಸಿಲ್. ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರೆ ಕಂಡ ಜೀವಕೋಶ ಮಾಯವಾಗಿ ಅದರ ಕೆಳಗಿನದು ಮೂಡುತ್ತಿತ್ತು. ಇತ್ತ ತಿರುಗಿಸಿದರೆ ಇದು, ಅತ್ತ ತಿರುಗಿಸಿದರೆ ಅದು. ಎರಡೂ ಒಟ್ಟಿಗೆ ಸ್ಪಷ್ಟವಾಗಿ ಎಂದೂ ಕಾಣುತ್ತಿರಲಿಲ್ಲ. ರೆಕಾರ್ಡಿನಲ್ಲಿ ಮಾತ್ರ ಎರಡನ್ನೂ ಬರೆಯುತ್ತಿದ್ದೆವು. ತಿಳಿಯದೆಯೇ ನಾವೆಲ್ಲ ಹೂಕನ ಶಿಷ್ಯರಾಗಿದ್ದೆವು.

ಇದು ಮಸೂರದ ದೋಷವಲ್ಲ, ಬೆಳಕಿನ ನಿಯಮ. ವಸ್ತುವನ್ನು ಎಷ್ಟು ಹಿಗ್ಗಿಸುತ್ತೇವೋ ಒಂದೇ ಸಲಕ್ಕೆ ಸ್ಪಷ್ಟವಾಗಿ ಕಾಣುವ ಪದರ ಅಷ್ಟು ತೆಳ್ಳಗಾಗುತ್ತದೆ. ಹುಳುವನ್ನು ಫಿಲ್ಮಿನ ಮೇಲೆ ಅದರ ನಿಜವಾದ ಗಾತ್ರದಲ್ಲಿಯೇ ಹಿಡಿದರೆ, ಸಾಧಾರಣವಾಗಿ ಬಳಸುವ ಕಂಡಿಯಲ್ಲಿ ಸ್ಪಷ್ಟತೆಯ ಆಳ ಸುಮಾರು 1 ಮಿಲಿಮೀಟರ್. ಹತ್ತು ಪಟ್ಟು ಹಿಗ್ಗಿಸುವ ಸೂಕ್ಷ್ಮದರ್ಶಕದ ಮಸೂರ ಹಾಕಿದರೆ ಅದು ಸುಮಾರು 8 ಮೈಕ್ರಾನಿಗೆ ಇಳಿಯುತ್ತದೆ. ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ನಮ್ಮ ಒಂದು ಕೆಂಪು ರಕ್ತಕಣದ ಅಗಲ 7-8 ಮೈಕ್ರಾನ್. ಅಂದರೆ 3 ಮಿಲಿಮೀಟರ್ ಎತ್ತರದ ಜೀರುಂಡೆಯಲ್ಲಿ ಒಂದು ಸಲಕ್ಕೆ ಒಂದು ರಕ್ತಕಣದಷ್ಟು ದಪ್ಪದ ಪದರ ಮಾತ್ರ ಸ್ಪಷ್ಟ, ಮಿಕ್ಕದ್ದೆಲ್ಲ ಮಂಜು!

ಮಸೂರದ ಕಂಡಿಯನ್ನು ಕಿರಿದಾಗಿಸಿದರೆ ಆಳ ಹೆಚ್ಚುತ್ತದೆ, ನಿಜ. ಆದರೆ ಕಿರಿದಾದ ಕಂಡಿಯಲ್ಲಿ ಹಾಯುವ ಬೆಳಕು ಹರಡಿಕೊಳ್ಳುತ್ತದೆ, ಇಡೀ ಚಿತ್ರ ಮಸುಕಾಗುತ್ತದೆ. ಜರ್ಮನಿಯ ಯೇನಾ ಊರಿನಲ್ಲಿ ಝೈಸ್ ಕಾರ್ಖಾನೆಯ ಜೊತೆ ದುಡಿದ ಅರ್ನ್‌ಸ್ಟ್ ಅಬ್ಬೆ 1873ರಲ್ಲಿ ಸೂಕ್ಷ್ಮದರ್ಶಕದ ಈ ಮಿತಿಗೆ ಗಣಿತದ ರೂಪ ಕೊಟ್ಟ. ಸೂಕ್ಷ್ಮ ವಿವರ ಬೇಕೆಂದರೆ ಆಳ ಬಿಡಬೇಕು, ಆಳ ಬೇಕೆಂದರೆ ವಿವರ ಬಿಡಬೇಕು. ಅತ್ತ ದರಿ, ಇತ್ತ ಪುಲಿ.

ಕ್ಯಾಮೆರಾ ಬಂತು, ಜೀರುಂಡೆ ಸೋತಿತು

1839ರಲ್ಲಿ ಛಾಯಾಚಿತ್ರ ಕಲೆ ಜಗತ್ತಿಗೆ ಪ್ರಕಟವಾಯಿತು. ಮರುವರ್ಷದ ಹೊತ್ತಿಗೇ ಇಂಗ್ಲೆಂಡಿನ ಫಾಕ್ಸ್ ಟಾಲ್ಬಟ್ ಸೂರ್ಯನ ಬೆಳಕಿನ ಸೂಕ್ಷ್ಮದರ್ಶಕದ ಮೂಲಕ ಹುಳುಗಳ ರೆಕ್ಕೆಯ ಚಿತ್ರ ತೆಗೆದಿದ್ದ. 1845ರಲ್ಲಿ ಪ್ಯಾರಿಸ್ಸಿನ ವೈದ್ಯ ಆಲ್ಫ್ರೆಡ್ ಡೊನೆ ತನ್ನ ಸಹಾಯಕ ಲೆಯಾನ್ ಫೂಕೊನ ಜೊತೆ ರಕ್ತ ಮುಂತಾದ ದ್ರವಗಳ ಸೂಕ್ಷ್ಮ ಛಾಯಾಚಿತ್ರಗಳ ಸಂಪುಟ ಹೊರತಂದ. ಭೂಮಿಯ ತಿರುಗುವಿಕೆಯನ್ನು ಲೋಲಕ ತೂಗಿ ತೋರಿಸಿದ ಫೂಕೊ ಇವನೇ. 1877ರಲ್ಲಿ ರಾಬರ್ಟ್ ಕಾಖ್ ಬ್ಯಾಕ್ಟೀರಿಯಾಗಳ ಛಾಯಾಚಿತ್ರ ಅಚ್ಚು ಹಾಕಿಸಿ ಹೊಸ ವಾದ ಹೂಡಿದ: ಚಿತ್ರಕಾರನ ಕೈ ತನಗೆ ತೋಚಿದ್ದನ್ನು ಸೇರಿಸುತ್ತದೆ, ಕ್ಯಾಮೆರಾ ಹಾಗಲ್ಲ, ಅದು ನಿಷ್ಪಕ್ಷಪಾತಿ.

ಬ್ಯಾಕ್ಟೀರಿಯಾಗಳ ಮಟ್ಟಿಗೆ ಕಾಖ್ ಹೇಳಿದ್ದು ಸರಿ. ಗಾಜಿನ ಮೇಲೆ ಸವರಿ ಒಣಗಿಸಿದ ಬ್ಯಾಕ್ಟೀರಿಯಾ ಚಪ್ಪಟೆಯಾಗಿರುತ್ತದೆ. ಒಂದೇ ಪದರ, ಒಂದೇ ಫೋಕಸ್. ಆದರೆ ಜೀರುಂಡೆ ಗುಂಡಗಿದೆ! ಆ ಕಾಲದವರು ಹುಳುಗಳನ್ನು ಕಾಸ್ಟಿಕ್ ಪೊಟ್ಯಾಷಿನಲ್ಲಿ ನೆನೆಸಿ, ಗಾಜುಗಳ ನಡುವೆ ಒತ್ತಿ ಹಪ್ಪಳ ಮಾಡಿ ಫೋಟೋ ತೆಗೆದರು. ಹಪ್ಪಳವಾದ ಹುಳುವಿನಲ್ಲಿ ಕಾಲಿನ ಗಂಟುಗಳು ಚೆನ್ನಾಗಿ ಕಾಣುತ್ತವೆ, ಹುಳು ಮಾತ್ರ ಕಾಣುವುದಿಲ್ಲ. ಹೀಗಾಗಿ ವಿಜ್ಞಾನದ ಉಳಿದೆಡೆ ಕ್ಯಾಮೆರಾ ಗೆದ್ದು ನೂರು ವರ್ಷವಾದರೂ ಕೀಟಶಾಸ್ತ್ರದ ಪುಸ್ತಕಗಳಲ್ಲಿ ಪೆನ್ನು ಮತ್ತು ಕುಂಚವೇ ಉಳಿದವು. ಸಿಕಂದರಾಬಾದಿನಲ್ಲಿ 1897ರ ಆಗಸ್ಟ್ 20ರಂದು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಗುರುತನ್ನು ಮೊದಲು ಕಂಡ ರೊನಾಲ್ಡ್ ರಾಸ್ ಕೂಡ, ಕಂಡದ್ದನ್ನು ಕೈಯಲ್ಲೇ ಬರೆದಿಟ್ಟ. ಅದಕ್ಕೆ ಎರಡು ವರ್ಷ ಮುಂಚೆ ಕಾಲರಾ ಕೆಲಸಕ್ಕೆಂದು ನಮ್ಮ ಬೆಂಗಳೂರಿಗೆ ಬಂದಿದ್ದವನು ಅವನು.

ನೋಡುವುದು ಬೇರೆ, ತಿಳಿಯುವುದು ಬೇರೆ

ಇಲ್ಲಿ ಹೂಕನ ಚಿಗಟಕ್ಕೆ ಸ್ವಲ್ಪ ಹಿಂತಿರುಗಬೇಕು, ಏಕೆಂದರೆ ಅದರಲ್ಲಿ ವೈದ್ಯರು ಮರೆಯಬಾರದ ಪಾಠವೊಂದಿದೆ. ಪುಸ್ತಕ ಬಂದದ್ದು 1665ರ ಜನವರಿ. ಅದೇ ವರ್ಷದ ವಸಂತದಲ್ಲಿ ಲಂಡನ್ನಿಗೆ ಮಹಾ ಪ್ಲೇಗ್ ಬಂತು. ಸುಮಾರು 1 ಲಕ್ಷ ಜನ ಸತ್ತರೆಂದು ಅಂದಾಜು. ಚಿಗಟದ ಅಷ್ಟು ದೊಡ್ಡ ಚಿತ್ರ ಊರಿನ ಓದುಬಲ್ಲವರ ಕೈಯಲ್ಲೆಲ್ಲ ಇತ್ತು. ಆದರೂ ಆ ಪ್ರಾಣಿಗೂ ಪ್ಲೇಗಿಗೂ ನಂಟಿದೆ ಎಂದು ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು 233 ವರ್ಷಗಳ ನಂತರ, 1898ರಲ್ಲಿ, ಕರಾಚಿಯಲ್ಲಿದ್ದ ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೋನನಿಗೆ. ಚಿಗಟಗಳಿದ್ದ ರೋಗಿ ಇಲಿಯ ಬಳಿ, ಅದನ್ನು ಮುಟ್ಟಲಾಗದಂತೆ ಜಾಲರಿಯ ಪಂಜರದಲ್ಲಿ ಆರೋಗ್ಯವಂತ ಇಲಿಯನ್ನಿಟ್ಟ. ಚಿಗಟ ಹಾರಿತು, ಎರಡನೆಯ ಇಲಿಯೂ ಪ್ಲೇಗಿನಿಂದ ಸತ್ತಿತು. ಅದೇ 1898ರ ಆಗಸ್ಟಿನಲ್ಲಿ ಪ್ಲೇಗ್ ಬೆಂಗಳೂರಿಗೆ ಕಾಲಿಟ್ಟಿತು. ಮಲ್ಲೇಶ್ವರ, ಬಸವನಗುಡಿಯ ಅಗಲವಾದ ರಸ್ತೆಗಳು ಆ ಮಾರಿಯ ನಂತರ ಬಂದವು. ಪ್ಲೇಗ್ ಮಾರಮ್ಮನ ಗುಡಿಗಳೂ ಬಂದವು. ಇಲಿ ಬಿದ್ದಿತೆಂದರೆ ಊರೇ ಖಾಲಿಯಾಗಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಥೆಯನ್ನು ನಮ್ಮಲ್ಲಿ ಅನೇಕರು ಅಜ್ಜಿಯರ ಬಾಯಲ್ಲಿ ಕೇಳಿದ್ದೇವೆ.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಮುಂಬಯಿ ಪ್ರಾಂತ್ಯದಲ್ಲಿ ಪ್ಲೇಗ್ ಲಕ್ಷಾಂತರ ಜನರನ್ನು ಕೊಂದಿತು, ಮದ್ರಾಸಿನಲ್ಲಿ ಮಾತ್ರ ಅದು ಅಷ್ಟಾಗಿ ಬೇರು ಬಿಡಲಿಲ್ಲ. ಯಾಕೆ? ಇಲಿಗಳು ಎರಡೂ ಕಡೆ ಇವೆ, ಚಿಗಟಗಳೂ ಇವೆ. 1910ರ ದಶಕದಲ್ಲಿ ಕೊಲಂಬೋದ ವೈದ್ಯ ಎಲ್. ಎಫ್. ಹರ್ಸ್ಟ್ ಉತ್ತರದ ಎಳೆ ಹಿಡಿದರು. ಇಲಿಯ ಮೇಲಿನ ಚಿಗಟ ಒಂದೇ ಜಾತಿಯದಲ್ಲ. 1903ರಲ್ಲಿ ಚಾರ್ಲ್ಸ್ ರಾಥ್‌ಚೈಲ್ಡ್ ಹೆಸರಿಟ್ಟ 'ಚಿಯೋಪಿಸ್' ಎಂಬುದು ಪ್ಲೇಗನ್ನು ಚೆನ್ನಾಗಿ ಹರಡುತ್ತದೆ. ಅದರ ದಾಯಾದಿ 'ಆಸ್ಟಿಯಾ' ಅಷ್ಟು ಸಮರ್ಥವಲ್ಲ. ಮದ್ರಾಸು, ಕೊಲಂಬೋಗಳಲ್ಲಿ ಹೆಚ್ಚಾಗಿ ಇದ್ದದ್ದು ಈ ಎರಡನೆಯದು. ಬರಿಗಣ್ಣಿಗೆ ಎರಡೂ ಒಂದೇ ಕಂದು ಚುಕ್ಕೆ. ಅವನ್ನು ಬೇರೆ ಮಾಡುವುದು ಹೊಟ್ಟೆಯ ತುದಿಯ ಸೂಕ್ಷ್ಮ ಅಂಗಗಳ ಆಕಾರ. ಒಂದು ಊರಿನ ಜನರ ಉಳಿವು ಅಳಿವಿನ ಸುಳಿವು ಹುಳುವಿನ ಮೈಯ ಅಂಥ ಒಂದು ಗುರುತಿನಲ್ಲಿತ್ತು. ಹುಳುಗಳನ್ನು ದೊಡ್ಡದಾಗಿ, ಆದರೆ ತಪ್ಪಿಲ್ಲದೆ ಚಿತ್ರಿಸುವುದು ಬರಿಯ ಶೋಕಿಯಲ್ಲ ಎಂದು ನಾವು ಹೇಳುವುದು ಇದಕ್ಕೇ.

ಪದರದ ಮೇಲೆ ಪದರ

ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಎರಡು ದಾರಿಗಳು ತೆರೆದವು. ಒಂದು ಎಲೆಕ್ಟ್ರಾನ್ ದಾರಿ. ಕೇಂಬ್ರಿಜ್‌ನಲ್ಲಿ ಚಾರ್ಲ್ಸ್ ಓಟ್ಲಿಯವರ ಪ್ರಯೋಗಾಲಯದ ಕೆಲಸದ ಫಲವಾಗಿ 1965ರಲ್ಲಿ 'ಸ್ಟೀರಿಯೋಸ್ಕ್ಯಾನ್' ಎಂಬ ಯಂತ್ರ ಮಾರುಕಟ್ಟೆಗೆ ಬಂತು. ವಸ್ತುವಿನ ಮೇಲ್ಮೈಯನ್ನು ಎಲೆಕ್ಟ್ರಾನ್ ಕಿರಣದಿಂದ ಸವರಿ ಚಿತ್ರ ಮೂಡಿಸುವ ಇದರಲ್ಲಿ ಸ್ಪಷ್ಟತೆಯ ಆಳ ಅಪಾರ. ಮೊದಲ ಬಾರಿಗೆ ಇರುವೆಯ ಮುಖ ಮೂಗಿನ ತುದಿಯಿಂದ ಕತ್ತಿನವರೆಗೆ ಒಟ್ಟಿಗೆ ಕಂಡಿತು. ಆದರೆ ಸಾಮಾನ್ಯವಾಗಿ ಹುಳುವನ್ನು ಒಣಗಿಸಿ, ಚಿನ್ನದ ತೆಳು ಲೇಪ ಕೊಟ್ಟು, ಗಾಳಿಯಿಲ್ಲದ ಕೋಣೆಗೆ ತಳ್ಳಬೇಕು. ಬಣ್ಣವಂತೂ ಇಲ್ಲವೇ ಇಲ್ಲ. ಚಿಕ್ಕಂದಿನಲ್ಲಿ ಬೆಂಕಿಪೊಟ್ಟಣದಲ್ಲಿ ಜೀರ್ಜಿಂಬೆ ಸಾಕಿದವರನ್ನು ಕೇಳಿ: ಆ ಹಸಿರು, ಆ ಚಿನ್ನ, ಓರೆ ಮಾಡಿದರೆ ಬದಲಾಗುವ ಆ ಹೊಳಪು ಇಲ್ಲದ ಮೇಲೆ ಅದು ಎಂಥ ಜೀರ್ಜಿಂಬೆ?

ಇನ್ನೊಂದು ದಾರಿ ಬೆಳಕಿನದೇ. 1960ರ ದಶಕದಲ್ಲಿ ಅಮೆರಿಕದ ಡ್ಯಾನ್ ಮೆಕ್ಲಾಕ್ಲನ್ ಒಂದು ಸರಳ ಉಪಾಯ ಹೂಡಿದರು. ಕತ್ತಲೆಯಲ್ಲಿ ಕಾಗದದಷ್ಟು ತೆಳುವಾದ ಬೆಳಕಿನ ಹಾಳೆಯೊಂದನ್ನು ಸರಿಯಾಗಿ ಫೋಕಸ್ ಇರುವ ಜಾಗದಲ್ಲೇ ಹಾಯಿಸುವುದು. ಕ್ಯಾಮೆರಾದ ಕಣ್ಣು ತೆರೆದೇ ಇರುತ್ತದೆ, ಹುಳು ನಿಧಾನವಾಗಿ ಮೇಲಕ್ಕೇರುತ್ತ ಆ ಬೆಳಕಿನ ಹಾಳೆಯನ್ನು ದಾಟುತ್ತದೆ. ಬೆಳಕು ಬಿದ್ದ ಭಾಗ ಮಾತ್ರ ಫಿಲ್ಮಿನಲ್ಲಿ ಮೂಡುತ್ತದೆ, ಬೆಳಕು ಬಿದ್ದದ್ದೆಲ್ಲ ಫೋಕಸ್ಸಿನಲ್ಲೇ ಇರುತ್ತದೆ. ಕೊನೆಗೆ ಇಡೀ ಹುಳು ಸ್ಪಷ್ಟ.

1983ರಲ್ಲಿ ಪೈಪರ್ ಮತ್ತು ಕಾರ್ಪೆಲ್ ಎಂಬ ಸಂಶೋಧಕರು ಇದೇ ಕೆಲಸವನ್ನು ಲೆಕ್ಕದಿಂದ ಮಾಡಬಹುದೆಂದು ತೋರಿಸಿದರು. ಫೋಕಸ್ಸನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತ ಹಲವು ಚಿತ್ರ ತೆಗೆಯಿರಿ. ಪ್ರತಿ ಚಿತ್ರದಲ್ಲೂ ಯಾವ ಚುಕ್ಕೆ ತನ್ನ ಅಕ್ಕಪಕ್ಕದ ಚುಕ್ಕೆಗಳಿಂದ ಗಟ್ಟಿಯಾಗಿ ಬೇರೆಯಾಗಿ ಕಾಣುತ್ತದೋ ಅದು ಸ್ಪಷ್ಟ ಭಾಗ ಎಂದು ತಿಳಿದು ಅದನ್ನಷ್ಟೇ ಆರಿಸಿಕೊಳ್ಳಲಿ, ಉಳಿದದ್ದನ್ನು ಬಿಡಲಿ. ಹೀಗೆ ಆರಿಸಿದ್ದನ್ನೆಲ್ಲ ಚಿರೋಟಿಯ ಪದರಗಳಂತೆ ಒಂದರ ಮೇಲೊಂದು ಪೇರಿಸಿದರೆ ಪೂರ್ಣ ಚಿತ್ರ. ಡಿಜಿಟಲ್ ಕ್ಯಾಮೆರಾ ಮತ್ತು ಮನೆಮನೆಯ ಕಂಪ್ಯೂಟರ್ ಬಂದ ಮೇಲೆ, 2000ದ ನಂತರ, ಇದಕ್ಕೆ ಪ್ರೋಗ್ರಾಮುಗಳು ಸುಲಭವಾಗಿ ಸಿಕ್ಕವು. ಇಂಗ್ಲೆಂಡಿನ ಅಲನ್ ಹ್ಯಾಡ್ಲಿ 'ಕಂಬೈನ್-ಝಡ್' ಎಂಬುದನ್ನು ಉಚಿತವಾಗಿಯೇ ಹಂಚಿದರು. ಉಕ್ರೇನಿನಿಂದ 'ಹೆಲಿಕಾನ್ ಫೋಕಸ್', ಅಮೆರಿಕದ ರಿಕ್ ಲಿಟ್ಲ್‌ಫೀಲ್ಡ್ ಅವರಿಂದ 'ಝೆರೀನ್ ಸ್ಟ್ಯಾಕರ್' ಬಂದವು.

ಕೆಲಸ ಮಾತ್ರ ತಪಸ್ಸೇ. ಹುಳುವನ್ನು ಸೂಜಿಗೆ ಸಿಕ್ಕಿಸಿ, ಕುಂಚದಿಂದ ಒಂದೊಂದು ಧೂಳಿನ ಕಣವನ್ನೂ ತೆಗೆಯಬೇಕು. ಹತ್ತು ಪಟ್ಟು ಹಿಗ್ಗಿಸಿದಾಗ ಧೂಳು ಬಂಡೆಯಂತೆ ಕಾಣುತ್ತದೆ. ಬೆಳಕು ನೇರವಾಗಿ ಬಿದ್ದರೆ ಜೀರುಂಡೆಯ ಬೆನ್ನು ಕನ್ನಡಿಯಂತೆ ಕೋರೈಸುವುದರಿಂದ ಬಿಳಿ ಕಾಗದದ ಮರೆಯಿಂದ ಹಾಯಿಸಬೇಕು. ಕ್ಯಾಮೆರಾವನ್ನು ಹಳಿಯ ಮೇಲೆ ಕೆಲವೇ ಮೈಕ್ರಾನಿನಷ್ಟು ಸರಿಸಿ ನಿಲ್ಲಿಸಿ, ನಡುಕ ಅಡಗುವವರೆಗೆ ಕಾದು, ಚಿತ್ರ ತೆಗೆದು, ಮತ್ತೆ ಸರಿಸಬೇಕು. ಪದರಗಳು ಒಂದರ ಮೇಲೊಂದು ಸ್ವಲ್ಪ ಬರಬೇಕಾದ್ದರಿಂದ ನಮ್ಮ 3 ಮಿಲಿಮೀಟರ್ ಜೀರುಂಡೆಗೆ 5 ಮೈಕ್ರಾನಿನ ಹೆಜ್ಜೆಯಲ್ಲಿ 600 ಚಿತ್ರ ಬೇಕು. ರಸ್ತೆಯಲ್ಲಿ ಲಾರಿ ಹೋದರೂ ಕೆಟ್ಟಿತು. ಒಂದು ಕೂದಲಿನ ಹಿಂದೆ ಇನ್ನೊಂದು ಕೂದಲಿದ್ದರೆ ಕಂಪ್ಯೂಟರ್ ಗಲಿಬಿಲಿಗೊಂಡು ಭೂತದಂಥ ನೆರಳು ಮೂಡಿಸುತ್ತದೆ. ಅಂಥ ಕಡೆ ಮನುಷ್ಯನೇ ಕುಳಿತು, ಈ ಕೂದಲು ಯಾವ ಪದರದ್ದು ಎಂದು ನೋಡಿ ತಿದ್ದಬೇಕು.

ಈ ವಿದ್ಯೆಯ ಹೆಸರಾಂತ ಫಲ ಬ್ರಿಟಿಷ್ ಛಾಯಾಗ್ರಾಹಕ ಲೆವನ್ ಬಿಸ್ ಅವರ 'ಮೈಕ್ರೋಸ್ಕಲ್ಪ್ಚರ್'. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪ್ರಕೃತಿ ಮ್ಯೂಸಿಯಮ್ಮಿನ ಸಂಗ್ರಹದಿಂದ ಆರಿಸಿದ ಹುಳುಗಳ ಚಿತ್ರಗಳು 2016ರಲ್ಲಿ ಅಲ್ಲೇ ಪ್ರದರ್ಶನಗೊಂಡವು. ಒಂದು ಹುಳುವನ್ನು ಸುಮಾರು 30 ಭಾಗ ಮಾಡಿಕೊಂಡು, ಪ್ರತಿ ಭಾಗಕ್ಕೂ ಒಪ್ಪುವ ಬೆಳಕನ್ನು ಬೇರೆಯಾಗಿ ಜೋಡಿಸಿ, 10 ಮೈಕ್ರಾನಿನ ಹೆಜ್ಜೆಯಲ್ಲಿ ತೆಗೆದ ಸುಮಾರು 8,000 ಚಿತ್ರಗಳಿಂದ ಅವರು ಒಂದೊಂದು ಚಿತ್ರ ಕಟ್ಟಿದರು. ಮತ್ತೆ ಮತ್ತೆ, ಬೇರೆ ಬೇರೆ ಬೆಳಕಿನಲ್ಲಿ ನೋಡಿ ಒಂದಾಗಿಸುವುದು. ಇದು ಹೂಕನ ಮುನ್ನುಡಿಯ ವಿಧಾನವೇ ಅಲ್ಲವೇ? ನಡುವೆ ಕ್ಯಾಮೆರಾ 'ಒಂದೇ ಕ್ಷಣದ ಒಂದೇ ನೋಟ' ಎಂಬ ಹಟ ಹಿಡಿದು ಕೂತಿತ್ತು. ಕಂಪ್ಯೂಟರ್ ಆ ಹಟ ಬಿಡಿಸಿ ಅದನ್ನು ಹಳೆಯ ಪೆನ್ಸಿಲಿನ ದಾರಿಗೆ ತಂದಿತು.

ಹಾಗಾದರೆ ಇದು ನಿಜದ ಚಿತ್ರವೇ?

ಯಾರ ಕಣ್ಣಿಗೂ ಎಂದೂ ಒಟ್ಟಿಗೆ ಕಾಣದ್ದನ್ನು ಚಿತ್ರವೆಂದು ಒಪ್ಪಬಹುದೇ ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ವೈದ್ಯರಿಗೆ ಇದು ಹೊಸತೇನಲ್ಲ. 1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್ನಿನಲ್ಲಿ ಮೊದಲ ರೋಗಿಯ ಸಿ.ಟಿ. ಸ್ಕ್ಯಾನ್ ಆಯಿತು. ಅದರಲ್ಲಿ ಕಾಣುವ ಮಿದುಳಿನ ಹೋಳನ್ನು ಯಾವ ಕಣ್ಣೂ ಕಂಡಿಲ್ಲ, ಅದು ಅನೇಕ ಕಡೆಯಿಂದ ಹಾಯಿಸಿದ ಕಿರಣಗಳ ಲೆಕ್ಕದಿಂದ ಮೂಡಿದ್ದು. ನಾವು ರೆಸಿಡೆನ್ಸಿ ಮಾಡುವಾಗ ನಮ್ಮ ಹಿರಿಯರು ಹೇಳುತ್ತಿದ್ದುದು ಒಂದೇ ಮಾತು: ಚಿತ್ರವನ್ನು ನಂಬು, ಆದರೆ ಅದು ಹೇಗೆ ಮೂಡಿತೆಂದು ತಿಳಿದು ನಂಬು. ಯಂತ್ರ ಸೃಷ್ಟಿಸಿದ ನೆರಳು ಯಾವುದು, ರೋಗಿಯ ಗೆಡ್ಡೆ ಯಾವುದು ಎಂದು ಬಲ್ಲವನಿಗೆ ಮಾತ್ರ ಸ್ಕ್ಯಾನ್ ಉಪಯುಕ್ತ. ಜೀರುಂಡೆಯ ಚಿತ್ರಕ್ಕೂ ಇದೇ ಮಾತು. ಒಂದೊಂದು ಚುಕ್ಕೆಯೂ ನಿಜವಾದ ಹುಳುವಿನಿಂದ ಬಂದಿರಬೇಕು, ಸೊಗಸಿಗೆಂದು ಏನನ್ನೂ ಸೇರಿಸಿರಬಾರದು. ಆಗ ಅದು ನಿಜದ ಚಿತ್ರ.

ಅಂಥ ಚಿತ್ರದಿಂದ ಏನು ಪ್ರಯೋಜನ? ಮೇರಿಲ್ಯಾಂಡಿನಲ್ಲಿ ಯು.ಎಸ್. ಜಿಯಾಲಾಜಿಕಲ್ ಸರ್ವೆಯ ಸ್ಯಾಮ್ ಡ್ರೋಗಿ ಮತ್ತು ಸಂಗಡಿಗರು ಕಾಡು ಜೇನ್ನೊಣಗಳ ಸಾವಿರಾರು ಚಿತ್ರಗಳನ್ನು ಹೀಗೆ ತೆಗೆದು, ಯಾರು ಬೇಕಾದರೂ ಬಳಸಲೆಂದು ಬಿಟ್ಟುಕೊಟ್ಟರು. ಅವರು ಈ ಪದ್ಧತಿಯನ್ನು ಕಲಿತದ್ದು ಸೇನೆಯ ಸಾರ್ವಜನಿಕ ಆರೋಗ್ಯ ವಿಭಾಗದಿಂದ. ದೂರದೇಶದಲ್ಲಿ ಸೈನಿಕನನ್ನು ಕಚ್ಚಿದ ಹುಳು ಯಾವುದೆಂದು ಚಿತ್ರ ನೋಡಿ ಹೇಳುವುದು ಅವರ ಅಗತ್ಯವಾಗಿತ್ತು.

ನಮ್ಮ ಕಡೆಯ ಉದಾಹರಣೆಯೊಂದಿದೆ. ಪರಂಗಿ ಹಣ್ಣಿನ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ಕರ್ನಾಟಕಕ್ಕೂ ಹಬ್ಬಿತು. ಪರಂಗಿ ಮಾತ್ರವಲ್ಲ, ರೇಷ್ಮೆ ಹುಳುವಿನ ಮೇವಾದ ಹಿಪ್ಪುನೇರಳೆ ತೋಟಗಳೂ ಬೆಳ್ಳಗಾದವು. ಔಷಧಿ ಹೊಡೆದರೆ ಆ ಸೊಪ್ಪು ತಿಂದ ರೇಷ್ಮೆ ಹುಳುವೇ ಸಾಯುತ್ತದೆ. 2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಸ್ಥೆಯವರು ಈ ತಿಗಣೆಯ ಸಹಜ ಶತ್ರುಗಳಾದ ಮೂರು ಜಾತಿಯ ಪುಟ್ಟ ಕಣಜಗಳನ್ನು ಅಮೆರಿಕ ಕೃಷಿ ಇಲಾಖೆಯ ಮೂಲಕ ಪೋರ್ಟೊರಿಕೋದಿಂದ ತರಿಸಿ, ಸಾಕಿ, ರೈತರಿಗೆ ಹಂಚಿದರು. ಅವುಗಳಲ್ಲಿ ಮುಖ್ಯವಾದದ್ದರ ಉದ್ದ 1 ಮಿಲಿಮೀಟರಿಗಿಂತ ಕಡಿಮೆ. ತಿಗಣೆ ಹತೋಟಿಗೆ ಬಂತು. ಹಿಟ್ಟು ತಿಗಣೆಗಳಲ್ಲಿ ನೋಡಲು ಒಂದೇ ತೆರನಾದ ಜಾತಿಗಳು ಎಷ್ಟೋ ಇವೆ, ಒಂದರ ಶತ್ರು ಇನ್ನೊಂದನ್ನು ಮುಟ್ಟದಿರಬಹುದು. ಸೂಕ್ಷ್ಮದರ್ಶಕದಡಿ ಸರಿಯಾದ ಗುರುತು ಸಿಕ್ಕದಿದ್ದರೆ ಸರಿಯಾದ ಮದ್ದೂ ಸಿಕ್ಕುತ್ತಿರಲಿಲ್ಲ.

ಇನ್ನೊಂದು ಕಾರಣ ಮನ ಕಲಕುವಂಥದು. ಹೊಸ ಜಾತಿಗೆ ಹೆಸರಿಡುವಾಗ ಆಧಾರವಾಗಿ ಒಂದು ಹುಳುವನ್ನು ಮ್ಯೂಸಿಯಮ್ಮಿನಲ್ಲಿ ಕಾದಿಡುತ್ತಾರೆ. ಬ್ರಿಟಿಷರ ಕಾಲದಲ್ಲಿ ನಮ್ಮ ನಾಡಿನಿಂದ ಹೋದ ಅಂಥ ಎಷ್ಟೋ ಹುಳುಗಳು ಲಂಡನ್ನಿನಲ್ಲಿವೆ. ಕೊಡಗಿನ ಜೀರುಂಡೆಯನ್ನು ಹೋಲಿಸಿ ನೋಡಲು ಸಮುದ್ರ ದಾಟಬೇಕಾದ ಪರಿಸ್ಥಿತಿ ಇತ್ತು. ಒಳ್ಳೆಯ ಪದರ ಚಿತ್ರಗಳಿದ್ದರೆ ಎಷ್ಟೋ ಪ್ರಶ್ನೆಗಳನ್ನು ಬೆಂಗಳೂರಿನಲ್ಲಿ ಕುಳಿತೇ ಬಗೆಹರಿಸಬಹುದು. 2018ರ ಸೆಪ್ಟೆಂಬರ್ 2ರ ರಾತ್ರಿ ಬ್ರೆಜಿಲಿನ ರಿಯೋ ನಗರದ 200 ವರ್ಷದ ರಾಷ್ಟ್ರೀಯ ಮ್ಯೂಸಿಯಂ ಬೆಂಕಿಗೆ ಆಹುತಿಯಾದಾಗ ಸುಮಾರು 50 ಲಕ್ಷ ಹುಳುಗಳ ಸಂಗ್ರಹ ಬಹುಪಾಲು ಬೂದಿಯಾಯಿತು. ಚಿತ್ರ ತೆಗೆದಿದ್ದವುಗಳ ಚಿತ್ರವಾದರೂ ಉಳಿಯಿತು. ತೆಗೆಯದವುಗಳ ಪಾಲಿಗೆ ಹೆಸರಷ್ಟೇ.

ಮಕ್ಕಳಿಗೆ, ಮಕ್ಕಳ ತಂದೆ ತಾಯಿಯರಿಗೆ

ಇದಕ್ಕೆಲ್ಲ ಸಾವಿರಾರು ಡಾಲರ್ ಬೇಕೆಂದು ಹೆದರಬೇಡಿ. ನಮ್ಮ ಮನೆಗಳ ಗುಲಾಬಿ ಗಿಡವನ್ನು ಪ್ರತಿ ಬೇಸಗೆಯಲ್ಲೂ ತಿನ್ನುವ ಜಪಾನಿ ಜೀರುಂಡೆ ಇದೆಯಲ್ಲ, 1916ರಲ್ಲಿ ನ್ಯೂಜೆರ್ಸಿಯ ರಿವರ್ಟನ್ನಿನಲ್ಲಿ ಮೊದಲು ಕಂಡದ್ದು, ನಮ್ಮ ಹಾಗೆಯೇ ಹೊರಗಿನಿಂದ ಬಂದು ನೆಲೆನಿಂತದ್ದು, ಅದೇ ಸಾಕು. ಕಿಟಕಿಯ ಬಳಿ ತಾನಾಗಿ ಸತ್ತು ಬಿದ್ದದ್ದೊಂದನ್ನು ತೆಗೆದುಕೊಳ್ಳಿ. ಫೋನಿಗೆ ಸಿಕ್ಕಿಸುವ ಅಗ್ಗದ ಮಸೂರ, ಒಂದು ದೀಪ, ಅದರ ಮುಂದೆ ಬಿಳಿ ಕಾಗದ. ಫೋಕಸ್ಸನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತ ಹತ್ತು ಚಿತ್ರ ತೆಗೆಸಿ. ಬೆನ್ನು ಸ್ಪಷ್ಟವಾದಾಗ ಕಾಲು ಮಂಜಾಗುವುದನ್ನು ಮಕ್ಕಳು ತಾವೇ ಕಂಡುಕೊಳ್ಳಲಿ. ಪೇರಿಸುವ ಕೆಲಸ ಕಂಪ್ಯೂಟರಿಗಿರಲಿ.

ಆದರೆ ಅದಕ್ಕೂ ಮೊದಲು ಒಂದು ಕೆಲಸ ಮಾಡಿಸಿ. ಒಂದು ಸಾದಾ ಮಸೂರ ಕೊಟ್ಟು, ಅದೇ ಜೀರುಂಡೆಯನ್ನು ಪೆನ್ಸಿಲಿನಲ್ಲಿ ಬರೆಯಲು ಹೇಳಿ. ಮೀಸೆಯ ತುದಿಯಲ್ಲಿ ಬೀಸಣಿಗೆಯಂತೆ ಬಿಚ್ಚುವ ಎಸಳು ಎಷ್ಟು, ಹೊಟ್ಟೆಯ ಅಂಚಿನಲ್ಲಿ ಬಿಳಿ ಕೂದಲಿನ ಗುಚ್ಛ ಎಷ್ಟು ಎಂದು ಎಣಿಸದೆ ಬರೆಯುವುದು ಸಾಧ್ಯವಿಲ್ಲ. ಎಣಿಸಿದ ಮಗುವಿಗೆ ಆಮೇಲೆ ಫೋಟೋದಲ್ಲಿ ಏನು ಹುಡುಕಬೇಕೆಂದು ಗೊತ್ತಿರುತ್ತದೆ. ಹಿಂತುದಿಯ ಎರಡು ಗುಚ್ಛಗಳನ್ನೂ ಸೇರಿಸಿ ಒಟ್ಟು ಹನ್ನೆರಡು ಎಂದು ಉತ್ತರ ತಂದವರಿಗೆ ಮುಂದಿನ ಪಿಕ್ನಿಕ್ಕಿನಲ್ಲಿ ನಮ್ಮ ಕಡೆಯಿಂದ ಒಂದೊಂದು ಚಿರೋಟಿ ಹೆಚ್ಚಿಗೆ!